ನಿಂತ ಮೇಲೂ ತಿರುಗುವ ಫ್ಯಾನು

ಅತ್ತಿಗೆ,

ಮೊದಲೇ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ನಿಮ್ಮ ಕೆಂಪು ಕಾರಿಗೆ ಎಲೆಕ್ಟ್ರಿಕ್ ಫ್ಯಾನು ಹಾಕಿಬಿಟ್ಟೆ. ರೇಡಿಯೇಟರಿನ ಮುಂದೆ, ಗ್ರಿಲ್ಲಿನ ಹಿಂದೆ, ಹೊರಗಿನಿಂದ ನೋಡಿದವರಿಗೆ ಗೊತ್ತಾಗದ ಹಾಗೆ ಕೂರಿಸಿದ್ದೇನೆ. ನೀವು ಬಂದು ಬಾನೆಟ್ ಎತ್ತಿದರೆ ಮಾತ್ರ... ನೋಡಿ, ಬರೆಯಲು ಕೂತ ಕೂಡಲೇ ಹೀಗಾಗುತ್ತದೆ. ನೀವು ಹೋಗಿ ಒಂದು ಮಳೆಗಾಲವೇ ಕಳೆಯಿತು. ನನ್ನ ಮಾತಿಗೆ ಮಾತ್ರ ಅದಿನ್ನೂ ತಿಳಿದಿಲ್ಲ. ಅಂಗಡಿಗೆ ಯಾವುದಾದರೂ ಹಳೆಯ ಗಾಡಿ ಬಂದರೆ ಸಂಜೆ ಅತ್ತಿಗೆಗೆ ಹೇಳಬೇಕು ಅಂದುಕೊಳ್ಳುತ್ತೇನೆ. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರು ಸುಮ್ಮನೆ ಭಾರವಾಗುತ್ತದೆ.

ನೀವು ಮದುಮಗಳಾಗಿ ಸಾಗರಕ್ಕೆ ಬಂದ ಮಧ್ಯಾಹ್ನ ನೆನಪಿದೆಯೇ? ತೀರ್ಥಹಳ್ಳಿಯಿಂದ ದಿಬ್ಬಣದ ಬಸ್ಸು ಹಿಂದೆ, ನಿಮ್ಮ ಕಾರು ಮುಂದೆ. ಎರಡೇ ಸೀಟಿನ, ಬಟ್ಟೆಯ ಮಾಡಿನ, ನೆಲಕ್ಕೆ ಅಂಟಿಕೊಂಡಂತಿದ್ದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಕೊಪ್ಪದ ಕಡೆಯ ಎಸ್ಟೇಟಿನವರು ಊರು ಬಿಡುವಾಗ, ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಅದನ್ನು ನಿಮ್ಮ ಅಪ್ಪನಿಗೆ ಕೊಟ್ಟು ಹೋಗಿದ್ದರಂತೆ. ಬಸ್ ಮೆಕ್ಯಾನಿಕ್ ಆಗಿದ್ದ ಅವರು ಅದನ್ನು ಬಿಚ್ಚಿ ಜೋಡಿಸಿ, ಮಗಳಿಗೆ ಓಡಿಸಲು ಕಲಿಸಿ, ಮದುವೆಯ ದಿನ ಕೀಲಿಯನ್ನು ನಿಮ್ಮ ಸೆರಗಿಗೆ ಕಟ್ಟಿ ಕಳಿಸಿದ್ದರು. ಸ್ಟೇರಿಂಗ್ ಹಿಡಿದವರು ನೀವು. ಬಾಸಿಂಗ ಕಟ್ಟಿಕೊಂಡು ಎಡಗಡೆ ಬಿಗಿಯಾಗಿ ಕೂತವನು ನಮ್ಮಣ್ಣ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಆರತಿ ತಟ್ಟೆ ಹಿಡಿದಿದ್ದ ಪಕ್ಕದ ಮನೆಯ ಅಜ್ಜಿಗೆ ಯಾವ ಬಾಗಿಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. “ಎಂತ ಮಾರಾಯ್ರೆ ಇದು, ಹೆಣ್ಣೇ ಗಂಡನ್ನ ಕರ್ಕಂಡ್ ಬಂತಾ?” ಅಂದರು. ನೀವು ಇಂಜಿನ್ ಆರಿಸಿ, “ಹೌದು ಅಜ್ಜಿ, ಒಂಚೂರೂ ಮುಕ್ಕಾಗದ ಹಂಗೆ ತಂದಿದೀನಿ, ನೋಡ್ಕಳಿ” ಅಂದಿರಿ. ಕಾಲೇಜಿಗೆ ಹೋಗುತ್ತಿದ್ದ ನಾನು ಆವತ್ತಿನಿಂದ ನಿಮ್ಮ ಪಕ್ಷ.

ಡ್ರೈವಿಂಗ್ ಸ್ಕೂಲಿನ ಬೋರ್ಡು ಬರೆಸಿದ ದಿನ ಊರಿನವರು ನಕ್ಕಿದ್ದರು. ಆಮೇಲೆ ಅವರ ಮನೆಯ ಹೆಂಗಸರೇ ಸಾಲಾಗಿ ಬಂದರು. ನರ್ಸುಗಳು, ಟೀಚರುಗಳು, ಗಂಡ ದುಬೈಯಲ್ಲಿದ್ದವರು, ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲದವರು. ಅವರಿಗೆಲ್ಲ ಸ್ಕೂಲಿನ ಬಿಳಿ ಕಾರು. ಭಾನುವಾರ ಮಾತ್ರ ನಿಮಗೆ ನಿಮ್ಮ ಕೆಂಪು ಕಾರು. ಅಣ್ಣನ ಹಳೆಯ ಶಿಷ್ಯೆ ನಸ್ರೀನ್ ಕಲಿಯಲು ಬಂದವಳು ನಿಮ್ಮ ಬಲಗೈಯಾಗಿ ಉಳಿದಳು. ಊರಿಗೆಲ್ಲ ಕಲಿಸಿದ ನೀವು ಗಂಡನಿಗೆ ಮಾತ್ರ ಯಾಕೆ ಕಲಿಸಲಿಲ್ಲ? ಕೇಳಿದರೆ, “ಇಬ್ರೂ ರಸ್ತೆ ನೋಡ್ತಾ ಕೂತ್ರೆ ಕಾಡು ನೋಡೋರ್ಯಾರು ಮಂಜು? ಮೇಷ್ಟ್ರು ಕಾಡು ನೋಡ್ಲಿ” ಅನ್ನುತ್ತಿದ್ದಿರಿ. ಅಣ್ಣ ಹೌದೆಂದು ತಲೆಯಾಡಿಸುತ್ತಿದ್ದ. ನಿಮ್ಮ ಪಕ್ಕದ ಆ ಎಡಗಡೆಯ ಸೀಟು ಬಿಟ್ಟರೆ ಅವನಿಗೆ ಬೇರೆ ಯಾವ ಸೀಟೂ ಬೇಕಿರಲಿಲ್ಲ.

ತವರಿಗೆ ಹೊರಟಾಗಲೆಲ್ಲ ಹೊಸನಗರ ದಾಟಿದ ಮೇಲಿನ ಆ ಏರಿನಲ್ಲಿ ಕಾರು ಕುದಿಯುತ್ತಿತ್ತು. ಅದಕ್ಕಿದ್ದದ್ದು ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಫ್ಯಾನು. ಇಂಜಿನ್ ನಿಧಾನವಾದರೆ ಅದೂ ನಿಧಾನ. ಮುಂದೆ ಭಾರದ ಲಾರಿಯೊಂದು ಸಿಕ್ಕಿ ತೆವಳತೊಡಗಿದರೆ ಗಾಳಿ ಬೇಕಾದಾಗಲೇ ಗಾಳಿ ಇಲ್ಲ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ನೀವು ಆ ತಿರುವಿನ ದೊಡ್ಡ ಧೂಪದ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದಿರಿ. ಅಣ್ಣ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಬೈಕಿನಲ್ಲಿ ಹಿಂದೆ ಬರುತ್ತಿದ್ದ ನಾನು ಪ್ರತಿ ಸಲ ಅದೇ ಮಾತು ತೆಗೆಯುತ್ತಿದ್ದೆ: “ಅತ್ತಿಗೆ, ಕರೆಂಟ್ ಫ್ಯಾನ್ ಹಾಕ್ಕೊಡ್ತೀನಿ. ಬಿಸಿ ಆದ್ ಕೂಡ್ಲೆ ತನ್ನಷ್ಟಕ್ಕೆ ಆನ್ ಆಗುತ್ತೆ. ಹಿಂಗೆ ನಿಲ್ಲೋದೇ ಬೇಡ.” ನೀವು ಲೋಟ ಊದುತ್ತಾ, “ನಿಲ್ಲಕ್ಕೆ ಬರದೆ ಇದ್ದವ್ರಿಗೆ ಹಾಕ್ಕೊಡು ಅದನ್ನ” ಅನ್ನುತ್ತಿದ್ದಿರಿ. ಆಟೋ ಎಲೆಕ್ಟ್ರಿಷಿಯನ್ ಮೈದುನನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ?

ನಿಮಗೆ ಉಸಿರು ಸಾಲದಾದ ಚಳಿಗಾಲವನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಮೊದಲಿನಂತೆ ಆಗುವುದಿಲ್ಲ ಅಂದರು ಶಿವಮೊಗ್ಗದ ಡಾಕ್ಟರು. ಆಮೇಲೆ ಮನೆಗೆ ಆ ಆಕ್ಸಿಜನ್ ಮಷೀನು ಬಂತು. ನಿಮ್ಮ ಮಂಚದ ಪಕ್ಕ, ಸಣ್ಣ ಬೀರುವಿನಷ್ಟು. ಹಗಲೂ ರಾತ್ರಿ ಅದರ ಗುಂಯ್ ಸದ್ದು. ಮೊದಮೊದಲು ಆ ಸದ್ದಿಗೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಅದಿಲ್ಲದೆ ಬರುತ್ತಿರಲಿಲ್ಲ. ಕರೆಂಟು ಹೋದರೆ ಸಿಲಿಂಡರಿಗೆ ಬದಲಾಯಿಸುವ ಅಷ್ಟು ಹೊತ್ತು ಅಣ್ಣನ ಮುಖ ನೋಡಲಾಗುತ್ತಿರಲಿಲ್ಲ. ನೀವು ಹೋದ ಬೆಳಿಗ್ಗೆ ನಾನು ಬಾಗಿಲಿಗೆ ಬಂದಾಗ ಮಷೀನು ಇನ್ನೂ ಓಡುತ್ತಿತ್ತು. ನೀವು ಇರಲಿಲ್ಲ. ಅಣ್ಣ ಎದ್ದು, ಅದರ ಸ್ವಿಚ್ ಆರಿಸಿದ. ಗುಂಯ್ ಅನ್ನುವುದು ತೆಳ್ಳಗಾಗಿ, ಸಣ್ಣಗಾಗಿ... ಆಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು.

ನಿಮ್ಮ ಕಾರ್ಯ ಮುಗಿದ ಮರುದಿನ ತೀರ್ಥಹಳ್ಳಿಯಿಂದ ಫೋನು ಬಂತು. ನಿಮ್ಮ ಅಮ್ಮ. ತೊಂಬತ್ತರ ಹತ್ತಿರದ ಜೀವ, ಕಣ್ಣಿಗೆ ಪೊರೆ, ನೆನಪು ಒಮ್ಮೆ ಇರುತ್ತದೆ ಒಮ್ಮೆ ಜಾರುತ್ತದೆ. ಕಿವಿ ಮಾತ್ರ ಸೂಜಿ. ಅವರಿಗೆ ಹೇಳುವುದು ಬೇಡ, ತಡೆಯುವುದಿಲ್ಲ ಎಂದು ನಿಮ್ಮ ತಮ್ಮ ತೀರ್ಮಾನಿಸಿದ್ದರು. “ವಿಮಲಿ ಯಾಕೆ ಬರ್ಲಿಲ್ಲ ಮೇಷ್ಟ್ರೇ?” ಎಂದು ಅಮ್ಮ ಕೇಳಿದರು. ಅಣ್ಣ ಗೋಡೆ ನೋಡುತ್ತಾ, “ಕಾರು ರಿಪೇರಿಗೆ ಬಿಟ್ಟಿದೆ ಅಮ್ಮ” ಅಂದ. ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು. ಆಮೇಲೆ ಪ್ರತಿ ಸಲ ಫೋನು ಬಂದಾಗಲೂ ಅದೇ ಉತ್ತರ. ಎಂತ ಆಗಿದೆ ಅಂದರೆ ರೇಡಿಯೇಟರು. ಇನ್ನೂ ಆಗಲಿಲ್ಲವಾ ಅಂದರೆ ಸಾಮಾನು ಸಿಗುತ್ತಿಲ್ಲ. ಶೆಡ್ಡಿನಲ್ಲಿ ನಿಮ್ಮ ಕಾರಿನ ಮೇಲೆ ಜೇಡ ಬಲೆ ಕಟ್ಟುತ್ತಿತ್ತು. ತೀರ್ಥಹಳ್ಳಿಯಲ್ಲಿ, ಕಾರು ಕೆಟ್ಟು ನಿಂತಿರುವಷ್ಟು ದಿನ ನೀವು ಬದುಕಿದ್ದಿರಿ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಅಣ್ಣ ನನ್ನ ಅಂಗಡಿಗೆ ನಡೆದುಕೊಂಡೇ ಬಂದ. ಹೊಸನಗರ ರಸ್ತೆಯ ಅಂಗಡಿಗೆ ಅವನು ಅಪರೂಪ. ಸ್ಟೂಲಿನ ಮೇಲೆ ಕೂತು, ಸುತ್ತ ನೋಡಿ, “ಆ ಫ್ಯಾನ್ ಹಾಕ್ತೀನಿ ಹಾಕ್ತೀನಿ ಅಂತಿದ್ಯಲ್ಲ, ಹಾಕು” ಅಂದ.

“ಯಾಕೀಗ? ಹೊಡಿಯೋರ್ಯಾರು?”

“ನಾನು. ನಸ್ರೀನ್ ಹತ್ರ ಕಲೀತಾ ಇದೀನಿ. ಲೈಸೆನ್ಸ್ ಬಂತು.” ಜೇಬಿನಿಂದ ತೆಗೆದು ತೋರಿಸಿದ. ನಮ್ಮಲ್ಲಿ ಯಾರಿಗೂ ಹೇಳದೆ, ವಾಕಿಂಗ್ ಹೋಗುತ್ತೇನೆಂದು ಹೋಗಿ ಕಲಿತಿದ್ದ! “ಅವಳಮ್ಮನ ಹತ್ರ ಇನ್ನು ಸುಳ್ಳು ಹೇಳಕ್ಕಾಗಲ್ಲ ಮಂಜು. ರಿಪೇರಿ ಅಂದ್ವಿ. ರಿಪೇರಿ ಮಾಡಣ. ಮಾಡಿ, ಅದ್ರಲ್ಲೇ ಹೋಗಿ ಹೇಳಣ.”

“ಬಸ್ಸಿಗೆ ಹೋಗಿ ಹೇಳಬಹುದಲ್ಲ?”

“ಆ ಕಾರು ಇಲ್ಲಿ ನಿಂತಿದ್ರೆ ನನ್ನ ಮಾತು ಅವ್ರು ನಂಬಲ್ಲ,” ಅಂದ. ಸ್ಟೂಲಿನಿಂದ ಎದ್ದು, “ನಂಗೂ ನಂಬಿಕೆ ಬರಲ್ಲ” ಅಂದ.

ಆ ಸಂಜೆ ನಸ್ರೀನ್ ಸಿಕ್ಕಿದಾಗ ಕೇಳಿದೆ, ಮೇಷ್ಟ್ರು ಹೇಗೆ ಕಲಿತರು ಅಂತ. ಅವಳು ನಗುತ್ತಾ ಶುರು ಮಾಡಿದಳು. “ಕ್ಲಚ್ ಮೆತ್ತಗೆ ಬಿಡಿ ಸಾರ್, ಹೋಂವರ್ಕ್ ಮಾಡ್ದೆ ಇರೋ ಹುಡುಗನ ಕಿವಿ ಅಲ್ಲ ಅದು ಅಂತ ಬೈದ್ಬಿಟ್ಟೆ ಮಂಜಣ್ಣ. ಹೈಸ್ಕೂಲಿನ ಸೇಡು ತೀರ್ತು.” ಆಮೇಲೆ ಅವಳ ನಗು ಹೋಯಿತು. “ಮೊದ್ಲನೇ ದಿನ ಬಂದವ್ರು ಡ್ರೈವರ್ ಸೀಟಿಗೆ ಹೋಗ್ಲೇ ಇಲ್ಲ. ಎಡಗಡೆ ಬಾಗ್ಲು ತೆಗ್ದು ಕೂತ್ರು. ಸಾರ್, ಆ ಕಡೆ ಅಂದೆ. ನನ್ನ ಮುಖ ನೋಡಿದ್ರು. ಮೇಡಂ ಬಂದು ಕೂತ್ಕೊಳ್ತಾರೆ ಅಂತ ಕಾಯ್ತಿದ್ರಾ ಏನೋ...”

ನಿಮ್ಮ ಕಾರಿನ ಬಾನೆಟ್ ಎತ್ತಿದಾಗ ನನಗೆ ಮೊದಲು ಕಂಡದ್ದು ರೇಡಿಯೇಟರಿನ ಮುಚ್ಚಳಕ್ಕೆ ನೀವು ಕಟ್ಟಿದ್ದ ಹಳೆಯ ಸೀರೆಯ ತುಂಡು, ಬಿಸಿ ಮುಚ್ಚಳ ತಿರುಗಿಸಲು. ಅದನ್ನು ಬಿಚ್ಚಬೇಕೋ ಬೇಡವೋ ಎಂದು ಎಷ್ಟೋ ಹೊತ್ತು ನಿಂತಿದ್ದೆ. ಕೊನೆಗೆ ಅಣ್ಣನೇ ಬಿಚ್ಚಿ ಜೇಬಿಗಿಟ್ಟುಕೊಂಡ. ಹಳೆಯ ಫ್ಯಾನಿನ ರೆಕ್ಕೆ ತೆಗೆದೆವು, ನೀರಿನ ಪಂಪಿಗೆ ಬೇಕಾದ ಬೆಲ್ಟು ಮಾತ್ರ ಉಳಿಸಿಕೊಂಡೆವು. ರೇಡಿಯೇಟರು ಬಿಚ್ಚಿ ತೊಳೆದಾಗ ಕೆಂಪು ಮಣ್ಣಿನಂಥ ನೀರು ಬಂತು. ನಿಮ್ಮ ಕಾರಿನ ಹಳೇ ಡೈನಮೋ ತಡೆಯುವಷ್ಟು ಸಣ್ಣ ಫ್ಯಾನು ಹುಡುಕಿ ಶಿವಮೊಗ್ಗದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ರೇಡಿಯೇಟರಿನ ಹಿಂದೆ ಜಾಗವಿಲ್ಲ, ಕೈ ಬೆರಳು ತೂರುವುದೂ ಕಷ್ಟ. ಹಾಗಾಗಿ ಮುಂದೆಯೇ ಕೂರಿಸಬೇಕಾಯಿತು. ಕಬ್ಬಿಣದ ಪಟ್ಟಿ ಬಗ್ಗಿಸಿ ಕ್ಲಾಂಪು ಮಾಡಿದೆ. ರೇಡಿಯೇಟರಿನ ಮೈಗೆ ಒಂದು ತೂತೂ ಹೊಡೆದಿಲ್ಲ ಅತ್ತಿಗೆ, ಆಣೆ ಮಾಡಿ ಹೇಳುತ್ತೇನೆ.

ಮೊದಲ ಸಲ ಬ್ಯಾಟರಿಗೆ ಮುಟ್ಟಿಸಿದಾಗ ಫ್ಯಾನು ಜೋರಾಗಿ ತಿರುಗಿತು, ನಾನು ಮೀಸೆಯಲ್ಲೇ ನಕ್ಕೆ. ಅಣ್ಣ ಒಂದು ಪೇಪರ್ ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿದ. ಗಾಳಿ ಒಳಗೆಳೆದರೆ ಹಾಳೆ ಗ್ರಿಲ್ಲಿಗೆ ಅಂಟಿಕೊಳ್ಳಬೇಕಲ್ಲ? ಅದು ಹಾರಿ ಅವನ ಮುಖಕ್ಕೆ ಬಡಿಯಿತು. “ಇದು ಉಲ್ಟಾ ಉಸಿರು ಬಿಡ್ತಿದೆ ಮಾರಾಯ” ಅಂದ. ಆಗ ಹೊಳೆಯಿತು: ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸು ಕಾರಿನ ಮೈಗೆ ಸೇರಿರುತ್ತದೆ, ನಿಮ್ಮದು ಹಳೆಯ ಕಾಲದ್ದು, ಪ್ಲಸ್ಸು ಮೈಗೆ. ನಾನು ಅಭ್ಯಾಸದಂತೆ ಸಿಕ್ಕಿಸಿಬಿಟ್ಟಿದ್ದೆ. ಎರಡು ವೈರು ಅದಲುಬದಲು ಮಾಡಿದೆ, ಹಾಳೆ ಗ್ರಿಲ್ಲಿಗೆ ಅಂಟಿ ನಿಂತಿತು. ನೀವಿದ್ದಿದ್ದರೆ ಆ ಒಂದು ತಪ್ಪನ್ನು ಹಿಡಿದುಕೊಂಡು ಎಷ್ಟು ವರ್ಷ ನನ್ನನ್ನು ಆಡಿಕೊಳ್ಳುತ್ತಿದ್ದಿರಿ? ಅಣ್ಣ ಮಾತ್ರ ನಗಲಿಲ್ಲ. ಹಾಳೆಗೆ ಕೈಯಿಟ್ಟು, ಅದು ಅದುರುವುದನ್ನು ನೋಡುತ್ತಾ ನಿಂತಿದ್ದ.

ಈಗ ಆ ಸಂಜೆಯ ವಿಷಯ. ಬಿಸಿ ಅಳೆಯುವ ಸ್ವಿಚ್ಚನ್ನು ನೀರಿನ ಪೈಪಿಗೆ ಕೂರಿಸಿ, ಫ್ಯಾನಿನ ವೈರನ್ನು ಕೀಲಿಯ ಮೂಲಕ ತರದೆ ನೇರ ಬ್ಯಾಟರಿಗೆ ಕೊಟ್ಟಿದ್ದೆ. ಇಂಜಿನ್ ನಿಂತ ಕೂಡಲೇ ಒಳಗೆ ನೀರಿನ ಓಡಾಟ ನಿಲ್ಲುತ್ತದೆ. ಬಿಸಿ ತಣಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ಆಗಲೂ ಫ್ಯಾನು ತಿರುಗಬೇಕು, ಅದಕ್ಕೇ ಹಾಗೆ ಮಾಡಿದ್ದು. ಆವತ್ತು ಇಂಜಿನ್ ಓಡಿಸಿ ನೋಡಿದೆವು. ಮುಳ್ಳು ಏರಿತು, ಫ್ಯಾನು ಇನ್ನೇನು ಶುರುವಾಗಬೇಕು ಅನ್ನುವಾಗ ಅಣ್ಣ, “ಸಾಕು, ಕಾಫಿ ಕುಡಿದು ಬರಣ” ಎಂದು ಆರಿಸಿದ. ಅಡುಗೆಮನೆಯಲ್ಲಿ ಇಬ್ಬರೂ ಲೋಟ ಹಿಡಿದು ಕೂತಿದ್ದೆವು. ಮನೆ ನಿಶ್ಶಬ್ದ. ಆಗ ಗೋಡೆಯ ಆಚೆಯಿಂದ, ಶೆಡ್ಡಿನ ಕಡೆಯಿಂದ, ಗುಂಯ್ ಅಂತ ಶುರುವಾಯಿತು.

ನನಗೆ ಅದು ಎಂತ ಎಂದು ಗೊತ್ತಿತ್ತು. ನಾನೇ ಹಾಕಿದ್ದು. ಆದರೂ... ಅದೇ ಸದ್ದು ಅತ್ತಿಗೆ. ಅದೇ ಸಣ್ಣ ಮೋಟಾರಿನ, ಗೋಡೆಯಾಚೆಯ, ನಿಲ್ಲದ ಸದ್ದು. ಅಣ್ಣ ಲೋಟ ಕೆಳಗಿಟ್ಟ. ಶೆಡ್ಡಿನ ಕಡೆ ಹೋಗಲಿಲ್ಲ. ನಿಮ್ಮ ಕೋಣೆಯ ಕಡೆ ಹೋದ. ನಾನು ಹಿಂದೆಯೇ ಹೋದೆ. ಬಾಗಿಲಿಗೆ ಕೈಯಿಟ್ಟು, ತೆಗೆಯದೆ, “ವಿಮಲಾ?” ಅಂದ. ಮೆಲ್ಲಗೆ, ನಿದ್ದೆಯಲ್ಲಿದ್ದವರನ್ನು ಕೇಳುವ ಹಾಗೆ, ನೀರು ಬೇಕಾ ಎಂದು ಕೇಳಲು ಬಂದವನ ಹಾಗೆ. ಅದು ಫ್ಯಾನು ಅಣ್ಣ ಅನ್ನಲು ನನಗೆ ಬಾಯಿ ಬರಲಿಲ್ಲ. ಇಬ್ಬರೂ ಆ ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದೆವು. ಆಮೇಲೆ ಸದ್ದು ತೆಳ್ಳಗಾಗಿ, ಸಣ್ಣಗಾಗಿ, ನಿಂತಿತು. ಅಣ್ಣ ಗೋಡೆಗೆ ಒರಗಿ ಕೂತುಬಿಟ್ಟ.

“ತೆಗ್ದ್ ಹಾಕು ಅದನ್ನ” ಅಂದ.

“ಹಂಗೆ ಶುರು ಆಗತ್ತೆ ಅಂತ ನಿಂಗೆ ಮೊದ್ಲೇ ಹೇಳ್ಬೇಕಿತ್ತು...”

“ಶುರು ಆಗೋದಲ್ಲ ಮಾರಾಯ. ನಿಲ್ಲೋದು. ಇನ್ನೊಂದ್ಸಲ ಅದು ನಿಲ್ಲೋದು ಕೇಳಕ್ಕೆ ನಂಗಾಗಲ್ಲ.”

ತೆಗೆಯಲಿಲ್ಲ. ಮರುದಿನ ಅವನು ಪೇಟೆಗೆ ಹೋದಾಗ ಬಂದು ವೈರನ್ನು ಕೀಲಿಗೆ ಬದಲಾಯಿಸಿದೆ. ಈಗ ಇಂಜಿನ್ ಆರಿಸಿದರೆ ಫ್ಯಾನೂ ಸುಮ್ಮನೆ. ಬಿಸಿ ಇದ್ದರೂ ಸುಮ್ಮನೆ. ಕಾರಿಗೆ ಅದು ಒಳ್ಳೆಯದಲ್ಲ, ಆದರೆ ಅಣ್ಣನಿಗೆ? ಎರಡು ದಿನ ಅವನ ಸುದ್ದಿಯಿಲ್ಲ. ಮೂರನೆಯ ದಿನ ಮತ್ತೆ ಅಂಗಡಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ. ನಾನು ಸ್ಟೂಲು ಎಳೆದೆ, ಕೂರಲಿಲ್ಲ. “ಮೊದ್ಲಿದ್ದ ಹಂಗೇ ಮಾಡ್ಕೊಡು” ಅಂದ.

“ನೀನೇ ಬೇಡ ಅಂದ್ಯಲ್ಲ?”

“ನಿನ್ನೆ ಇಂಜಿನ್ ಓಡಿಸಿ ಆರಿಸ್ದೆ. ಶೆಡ್ಡಲ್ಲೇ ಕೂತಿದ್ದೆ. ಕತ್ತಲಾಗೋವರೆಗೂ ಕಾದೆ ಮಂಜು.” ಅಷ್ಟು ಹೇಳಿ ರಸ್ತೆಯ ಕಡೆ ತಿರುಗಿದ. “ಬರ್ಲಿಲ್ಲ.”

ನಾನು ಗಿರಾಕಿಯ ಗಾಡಿ ಹಾಗೇ ಬಿಟ್ಟು ಅವನ ಜೊತೆ ಹೊರಟೆ.

ನಾವು ತೀರ್ಥಹಳ್ಳಿಗೆ ಹೊರಟದ್ದು ಒಳ್ಳೆಯ ಬಿಸಿಲಿನ ದಿನ. ಹಿಂದಿನ ದಿನವೇ ಅಣ್ಣ ನಿಮ್ಮ ತಮ್ಮನಿಗೆ ಫೋನು ಮಾಡಿ ತಿಳಿಸಿದ್ದ. “ನಿಮ್ಮಿಷ್ಟ ಭಾವ. ಅಮ್ಮಂಗೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ” ಅಂದಿದ್ದರು ಅವರು. ಆ ಮಾತು ನಮ್ಮಿಬ್ಬರ ನಡುವೆ ಗೇರಿನ ಕೋಲಿನ ಹತ್ತಿರ ಕೂತು ಬಂದ ಹಾಗಿತ್ತು. ಅಣ್ಣ ಬಲಗಡೆ, ನಾನು ಎಡಗಡೆ. ಅವನು ಕನ್ನಡಿ ಸರಿಮಾಡಲಿಲ್ಲ. ನೀವಿಟ್ಟ ಹಾಗೇ ಇತ್ತು, ಅವನು ಕತ್ತು ಬಗ್ಗಿಸಿ ನೋಡುತ್ತಿದ್ದ. ಹೊಸನಗರದಲ್ಲಿ ಒಬ್ಬ ಹೆಂಗಸು ಸ್ಕೂಟರು ನಿಲ್ಲಿಸಿ ಕೈ ಎತ್ತಿದವಳು, ಓಡಿಸುತ್ತಿರುವುದು ನೀವಲ್ಲ ಎಂದು ಕಂಡು ಕೈ ಹಾಗೇ ಗಾಳಿಯಲ್ಲಿ ಬಿಟ್ಟಳು. ನಿಮ್ಮ ಶಿಷ್ಯೆಯೇ ಇರಬೇಕು.

ಆ ಏರಿನಲ್ಲಿ, ಬೇಕೆಂದೇ ಬಂದ ಹಾಗೆ, ಮುಂದೊಂದು ಜಲ್ಲಿಯ ಲಾರಿ. ಸೆಕೆಂಡ್ ಗೇರು, ಮತ್ತೆ ಫಸ್ಟು. ಮುಳ್ಳು ಏರತೊಡಗಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ, ಅಣ್ಣ ರಸ್ತೆಯನ್ನೇ ನೋಡುತ್ತಿದ್ದ. ಕೆಂಪಿನ ಹತ್ತಿರ ಬರುವಾಗ ಮುಂದುಗಡೆ ಗುಂಯ್ ಅಂತ ಕೇಳಿಸಿತು. ಅಣ್ಣನ ಬೆರಳುಗಳು ಸ್ಟೇರಿಂಗಿನ ಮೇಲೆ ಬಿಗಿಯಾದವು. ಮುಳ್ಳು ನಿಂತಿತು, ಒಂದಿಷ್ಟು ಯೋಚಿಸಿ ಕೆಳಗಿಳಿಯಿತು. ನಿಮ್ಮ ಕಾರು ಆ ಏರನ್ನು ಕುದಿಯದೆ ಹತ್ತಿತು ಅತ್ತಿಗೆ. ಆದರೂ ತಿರುವು ಬಂದಾಗ ಅಣ್ಣ ಇಂಡಿಕೇಟರು ಹಾಕಿದ. “ನಿಲ್ಲೋದು ಬೇಡ, ಮುಳ್ಳು ಸರಿ ಇದೆ” ಅಂದೆ. “ಗೊತ್ತು” ಅಂದ. ಧೂಪದ ಮರದ ಕೆಳಗೆ ನಿಲ್ಲಿಸಿ ಕೀಲಿ ತಿರುಗಿಸಿದ. ಇಂಜಿನ್ ನಿಂತಿತು, ಫ್ಯಾನು ನಿಲ್ಲಲಿಲ್ಲ. ಅಷ್ಟು ದೊಡ್ಡ ಕಾಡಿನಲ್ಲಿ ಅದೊಂದೇ ಸದ್ದು. ನಾವಿಬ್ಬರೂ ಮುಂದೆ ನೋಡುತ್ತಾ ಕೂತೆವು. ಅದು ಸಣ್ಣಗಾಗುವಾಗ ಅಣ್ಣ ಕಣ್ಣು ಮುಚ್ಚಿದ. ನಿಂತ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ. ಎಲ್ಲೋ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದುಕೊಂಡು ಹಾರಿತು. “ಹೋಗಣ” ಅಂದ.

ನಿಮ್ಮ ತವರಿನ ಓಣಿಗೆ ತಿರುಗಿದಾಗಲೇ ಅಮ್ಮ ಜಗಲಿಯಲ್ಲಿ ಎದ್ದು ನಿಂತಿದ್ದರು. ಕಂಬ ಹಿಡಿದುಕೊಂಡು, ಮುಖ ಸದ್ದಿನ ಕಡೆಗೆ. ನಿಮ್ಮ ತಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. “ಬಂತು, ವಿಮಲಿ ಕಾರು ಬಂತು” ಅನ್ನುತ್ತಿದ್ದ ಅಮ್ಮ, ಅಂಗಳದಲ್ಲಿ ಅಣ್ಣ ಗೇರು ಇಳಿಸಿದಾಗ ಸುಮ್ಮನಾದರು. ಕಾರು ನಿಂತಿತು. ಅಣ್ಣ ಇಳಿದು ಬಾಗಿಲು ಹಾಕಿದ. ನಾನು ಇಳಿದು ಬಾಗಿಲು ಹಾಕಿದೆ. ಫ್ಯಾನು ಇನ್ನೂ ತಿರುಗುತ್ತಿತ್ತು.

“ಗೇರ್ ಹಾಕಿದ್ದು ಅವಳಲ್ಲ. ಯಾರು ಹೊಡ್ಕಂಡ್ ಬಂದಿದ್ದು?” ಅಂದರು ಅಮ್ಮ.

“ನಾನು ಅಮ್ಮ” ಅಂದ ಅಣ್ಣ.

“ಮೇಷ್ಟ್ರಾ? ನಿಮಗೆಲ್ಲಿ ಬರತ್ತೆ?”

“ಕಲ್ತೆ.”

“ಈ ಕಡೆ ಬಾಗ್ಲು ಹಾಕಿದ್ದು?”

“ನಾನು ಮಂಜು, ಅಮ್ಮ.”

ಅವರು ತಲೆ ಒಂದು ಕಡೆ ವಾಲಿಸಿ ಇನ್ನೊಂದು ಬಾಗಿಲಿಗಾಗಿ ಕಾದರು. ಇನ್ನೊಂದು ಬಾಗಿಲು ಎಲ್ಲಿಂದ ಬರಬೇಕು? “ಇರೋದೇ ಎರಡು ಸೀಟು,” ಅಂದರು. ದನಿ ಸಣ್ಣದಾಗಿತ್ತು, ಮಗು ಲೆಕ್ಕ ಹಾಕುವ ಹಾಗೆ. “ನೀವಿಬ್ರು ಬಂದ್ರಿ. ಹಂಗಾರೆ ವಿಮಲಿ ಎಲ್ಲಿ ಕೂತಿದ್ಲು?”

ದಾರಿಯುದ್ದಕ್ಕೂ ಅಣ್ಣ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದ, ನನಗೆ ಗೊತ್ತು. ಅದನ್ನೆಲ್ಲ ಬಿಟ್ಟು ಜಗಲಿಯ ಮೆಟ್ಟಿಲ ಮೇಲೆ, ಅವರ ಕಾಲ ಹತ್ತಿರ ಕೂತ. “ರಿಪೇರಿ ಅಂದಿದ್ದು ಸುಳ್ಳು ಅಮ್ಮ. ಅವಳು ಹೋದ್ಲು” ಅಂದ.

“ಎಲ್ಲಿಗೆ?” ಅಂದರು ಅಮ್ಮ.

ಅವರ ಕೈ ಕಂಬದ ಮೇಲೆ ಕೆಳಗೆ ಸರಿಯುತ್ತಾ ಬಂತು, ನಿಧಾನವಾಗಿ ಅವರೂ ಕೂತರು. ಆಮೇಲೆ ಕೇಳಿದರು: “ಹತ್ರ ಯಾರಿದ್ರು?”

“ನಾನಿದ್ದೆ. ಕೈ ಹಿಡ್ಕಂಡಿದ್ದೆ.”

“ಎಂತಾದ್ರೂ ಕೇಳಿದ್ಲಾ?”

ಆಗ ಅಣ್ಣ ಹೇಳಿದ್ದು, ಅತ್ತಿಗೆ, ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. “ಮಷೀನ್ ಸ್ವಲ್ಪ ಹೊತ್ತು ನಿಲ್ಸಿ ಅಂದ್ಲು. ಆ ಸದ್ದಿನಲ್ಲಿ ಹೊರಗಿಂದು ಎಂತದೂ ಕೇಳಲ್ಲ, ಒಂದ್ಸಲ ಬೀದಿ ಸದ್ದು ಕೇಳ್ಬೇಕು ಅಂದ್ಲು. ನಾನು ನಿಲ್ಲಿಸ್ಲಿಲ್ಲ ಅಮ್ಮ. ಹೆದ್ರಿಕೆ ಆಯ್ತು. ನಾಳೆ ಅಂದೆ. ಅವಳು ಹೋದ ಮೇಲೆ ನಿಲ್ಸಿದೆ. ಆಗ ಹೊರಗೆ ಎಲ್ಲಾ ಕೇಳ್ತಿತ್ತು. ನಸ್ರೀನ್ ಕಾರು, ಹಾಲಿನವನ ಬೆಲ್ಲು, ಎಲ್ಲಾ...”

ಅಮ್ಮ ಅವನಿಗೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಕೈ ಚಾಚಿ ಅವನ ತಲೆ ಹುಡುಕಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಆಮೇಲೆ ಒಳಗೆ ಮುಖ ಮಾಡಿ, “ನೀರು ಕಾಸು. ಸ್ನಾನ ಮಾಡ್ಬೇಕು, ಮಗಳು ಹೋಗಿದಾಳೆ” ಎಂದು ಸೊಸೆಗೆ ಹೇಳಿದರು. ಅಂಗಳದಲ್ಲಿ ಫ್ಯಾನು ಆಗಲೇ ನಿಂತಿತ್ತು. ಯಾವಾಗ ನಿಂತಿತೋ, ನಮ್ಮಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ.

ಮರುದಿನ ಹೊರಡುವಾಗ ಅಮ್ಮ ಬಟ್ಟೆಯ ಚೀಲ ಹಿಡಿದು ಕಾರಿನ ಹತ್ತಿರ ನಿಂತಿದ್ದರು. “ಅವಳಿದ್ದ ಮನೇಲಿ ನಾಕು ದಿನ ಇರ್ತೀನಿ” ಅಂದರು. ನಿಮ್ಮ ತಮ್ಮ ಬೇಡವೆಂದರು, ಅವರ ಹೆಂಡತಿ ಅತ್ತರು. ಅಮ್ಮ ಬಾಗಿಲಿನ ಹಿಡಿ ತಡವುತ್ತಲೇ ಇದ್ದರು. ಕೊನೆಗೆ ನಾನೇ ತೆಗೆದು ಎಡಗಡೆಯ ಸೀಟಿನಲ್ಲಿ ಕೂರಿಸಿ, ನನ್ನ ಟೂಲ್ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಆ ತಿರುವು ದಾಟುವಾಗ ಕಿಟಕಿಯಿಂದ ನೋಡಿದೆ. ಧೂಪದ ಮರದ ಕೆಳಗೆ ನಿಮ್ಮ ಕಾರು ನಿಂತಿತ್ತು. ಎಡಗಡೆ ಬಿಳಿಯ ತಲೆ. ಬಲಗಡೆ, ಬಾಗಿಲಿನ ಮೇಲೆ ಮೊಣಕೈ ಇಟ್ಟು, ಗಲ್ಲಕ್ಕೆ ಬೆರಳು ಕೊಟ್ಟು, ನೀವು ಕೂರುತ್ತಿದ್ದ ಅದೇ ಭಂಗಿ... ಬಸ್ಸು ತಿರುಗಿಬಿಟ್ಟಿತು. ಅಣ್ಣನೇ. ಮತ್ಯಾರಿರುತ್ತಾರೆ? ಆದರೆ ಸಾಗರ ಬರುವವರೆಗೂ ನಾನು ಹಿಂದೆ ತಿರುಗಿ ನೋಡುತ್ತಲೇ ಇದ್ದೆ.

ನಾಲ್ಕು ದಿನಕ್ಕೆಂದು ಬಂದ ಅಮ್ಮ ಇನ್ನೂ ಹೋಗಿಲ್ಲ. ನಿಮ್ಮ ಕೋಣೆಯಲ್ಲೇ ಮಲಗುತ್ತಾರೆ. ನಿಮಗೆ ತಿಳಿಯದ ಸುದ್ದಿ ಇದೇ, ಇದನ್ನು ಹೇಳಲೆಂದೇ ಬರೆಯಲು ಕೂತದ್ದು. ಅಮ್ಮನಿಗೆ ರಾತ್ರಿ ಕಳೆದರೆ ಎಲ್ಲ ಮರೆತುಹೋಗುತ್ತದೆ. ಬೆಳಿಗ್ಗೆ ಎದ್ದು ಕಾಫಿಗೆ ಕೂತಾಗ, “ವಿಮಲಿ ಎಲ್ಲಿ?” ಎಂದು ಕೇಳುತ್ತಾರೆ. ದಿನಾ. ಅಣ್ಣ ಇನ್ನೊಮ್ಮೆ ಸುಳ್ಳು ಹೇಳುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಅವರ ಕೈ ಹಿಡಿದುಕೊಂಡು, ಮೊದಲಿನಿಂದ ಹೇಳುತ್ತಾನೆ. ಅವರು ಅಳುತ್ತಾರೆ, ಅವನು ಕಾಯುತ್ತಾನೆ, ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಾರೆ. ದಿನಾ ಬೆಳಿಗ್ಗೆ ಆ ಮನೆಯಲ್ಲಿ ನೀವು ಮತ್ತೊಮ್ಮೆ ಹೋಗುತ್ತೀರಿ. ಬೇಡ ಅಣ್ಣ, ನಿನ್ನ ಎದೆ ಎಷ್ಟು ದಿನ ತಡೆಯುತ್ತದೆ ಎಂದು ನಾನು ಜಗಳವಾಡಿದೆ. ಮೊದಮೊದಲು ಸಾವಿನಿಂದ ಶುರು ಮಾಡುತ್ತಿದ್ದವನು ಈಗ ಎಲ್ಲೆಲ್ಲಿಂದಲೋ ಶುರು ಮಾಡುತ್ತಾನೆ; ನಿಮ್ಮನ್ನು ನೋಡಲು ಬಂದ ದಿನದಿಂದ, ನೀವು ಮೊದಲ ಸಲ ಅವನ ಹತ್ತಿರ ಜಗಳವಾಡಿದ್ದರಿಂದ. ನೀವು ಹೋದದ್ದರ ಹತ್ತಿರ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ನಿನ್ನೆ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅಮ್ಮ ಎದ್ದು ಬಂದರು, ಗೋಡೆ ಹಿಡಿದು ಬಂದು ಕೂತರು, ಲೋಟ ತೆಗೆದುಕೊಂಡರು. ಕಾಫಿಗೆ ಸಕ್ಕರೆ ಕಡಿಮೆ ಅಂದರು. ಚಳಿ ಶುರುವಾಯಿತು ಅಂದರು. ನಿಮ್ಮ ವಿಷಯ ಕೇಳಲಿಲ್ಲ. ಅಣ್ಣ ಅವರ ಮುಖವನ್ನೇ ನೋಡುತ್ತಾ ಕಾದ. ಅವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಗ ಅಣ್ಣ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ. ಅವರ ಕೈ ಹಿಡಿದ.

“ವಿಮಲಾ ಇದ್ಲಲ್ಲ ಅಮ್ಮ...” ಎಂದು ತಾನೇ ಶುರು ಮಾಡಿದ.

ನಿಮ್ಮ ಮೈದುನ,
ಮಂಜು